ಬೀಗ ಬಿದ್ದ ಮನೆಯೂ ಬಾಡಿಗೆಗೆ ಸಿಗದ ಮನೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಹೇಳಿದ ಹಿರಿಯರು ಕಟ್ಟುವವನ ಕಷ್ಟವನ್ನು ಬಲ್ಲವರು. ಗೃಹಸ್ಥನೊಬ್ಬನು ತನಗಾಗಿ ಕಟ್ಟಿಕೊಳ್ಳುವ ಮನೆಯ ಮಟ್ಟಿಗೆ ಆ ಮಾತು ಇಂದಿಗೂ ಸತ್ಯವೇ. ಆದರೆ ಒಂದು ದೇಶವೇ ಮನೆ ಕಟ್ಟಲು ಹೊರಟಾಗ ಗಾದೆ ಮುಟ್ಟದ ಇನ್ನೆರಡು ಪ್ರಶ್ನೆಗಳು ಎದುರು ನಿಲ್ಲುತ್ತವೆ: ಕಟ್ಟಿದ ಮನೆಯಲ್ಲಿ ಇರತಕ್ಕವರು ಯಾರು? ಅವರ ಹೊಟ್ಟೆಪಾಡು ಎಲ್ಲಿ? ದೇಶಕ್ಕೆ ಇನ್ನೂ ಹೊಸ ಮನೆಗಳು ಬೇಕೆ ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ಈ ಎರಡು ಪ್ರಶ್ನೆಗಳನ್ನು ಬದಿಗಿಟ್ಟು ನಡೆಯುವುದರಿಂದಲೇ ಅದು ಬಹುಮಟ್ಟಿಗೆ ಅಂಕಿಗಳ ಜಗಳವಾಗಿ ಮುಗಿಯುತ್ತದೆ.

ಬೇಡವೆನ್ನುವವರ ವಾದವು ಮೇಲುನೋಟಕ್ಕೆ ಬಲವಾದುದೇ. 2011ರ ಜನಗಣತಿಯಲ್ಲಿ ದೇಶದಾದ್ಯಂತ ಸುಮಾರು 2.46 ಕೋಟಿ ಕಟ್ಟಡಗಳು ಖಾಲಿಯಾಗಿ ಕಂಡುಬಂದುವು, ಅವುಗಳಲ್ಲಿ 1.1 ಕೋಟಿಯಷ್ಟು ನಗರಗಳಲ್ಲಿಯೇ ಇದ್ದುವು. ಅದರ ಮರುವರ್ಷ, ಕೇಂದ್ರ ಸರ್ಕಾರವು ನೇಮಿಸಿದ್ದ ತಜ್ಞರ ತಂಡವೊಂದು ನಗರಗಳಲ್ಲಿನ ವಸತಿಯ ಕೊರತೆಯನ್ನು 1.878 ಕೋಟಿ ಮನೆಗಳೆಂದು ಲೆಕ್ಕಹಾಕಿತು. ದೇಶದಲ್ಲಿ ಖಾಲಿ ಬಿದ್ದಿರುವುದೇ ಕೊರತೆಗಿಂತ ಹೆಚ್ಚಾಗಿರುವಾಗ ಬೀಗ ತೆಗೆಸಿದರೆ ಸಾಲದೆ, ಇಟ್ಟಿಗೆ ಸಿಮೆಂಟುಗಳಿಗೆ ಮತ್ತೆ ಏಕೆ ಹಣ ಸುರಿಯಬೇಕು ಎಂದು ಅವರು ಕೇಳುತ್ತಾರೆ. ಖಾಲಿ ಕಟ್ಟಡಗಳೆಲ್ಲವೂ ವಾಸಯೋಗ್ಯವಾದ ಮನೆಗಳಲ್ಲವೆಂಬುದು ನಿಜ. ಆದರೂ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆದುದರಿಂದ ಆ ಕೊರತೆಯ ಲೆಕ್ಕವನ್ನೇ ಬಿಡಿಸಿ ನೋಡೋಣ. 1.878 ಕೋಟಿಯಲ್ಲಿ ತಲೆಯ ಮೇಲೆ ಸೂರೇ ಇಲ್ಲದ ಕುಟುಂಬಗಳು ಐದು ಲಕ್ಷದ ಆಸುಪಾಸು. ಆದರೆ ಸುಮಾರು ಒಂದೂವರೆ ಕೋಟಿ ಕುಟುಂಬಗಳು ಸೂರಿದ್ದೂ ಇಕ್ಕಟ್ಟಿನಲ್ಲಿರುವಂಥವು. ಗಂಡಹೆಂಡಿರಿಗೆ ಪ್ರತ್ಯೇಕವಾಗಿ ಒಂದು ಕೋಣೆಯೂ ಇಲ್ಲದಂಥ ಮನೆಗಳು ಅವು. ಕೊರತೆಯ ನೂರರಲ್ಲಿ ತೊಂಬತ್ತೈದು ಪಾಲು ಬಡವರದು, ಅಲ್ಪ ವರಮಾನದವರದು. ಅಂದಮೇಲೆ ಈ ಕೊರತೆ ಬರಿಯ ಗೋಡೆಗಳ ಕೊರತೆಯಲ್ಲ. ಕೆಲಸವಿರುವ ಕಡೆಯಲ್ಲಿ, ಕೆಲಸ ಮಾಡುವವನ ಕೈಗೆಟಕುವ ಬೆಲೆಗೆ ದೊರೆಯತಕ್ಕ ಜಾಗದ ಕೊರತೆ.

ಇದನ್ನು ತಿಳಿಯಲು ದಿಲ್ಲಿಯ ಕಡತಗಳೇ ಬೇಕೆಂದಿಲ್ಲ. ಕೋಲಾರ ಜಿಲ್ಲೆಯನ್ನು ನೋಡಿದರೆ ಸಾಕು. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಹತ್ತಿರದ ಊರು. ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಸೀಮೆ. ಸುತ್ತಲೂ ಮಾವಿನ ತೋಪುಗಳು. ವರ್ಷವಿಡೀ ಹರಿಯುವ ನದಿಯೊಂದೂ ಜಿಲ್ಲೆಯಲ್ಲಿಲ್ಲ. ಕೆರೆ ಬತ್ತಿದರೆ ಕೊಳವೆಬಾವಿ, ಅದೂ ಸಾವಿರ ಅಡಿಗಿಂತ ಕೆಳಕ್ಕೆ. ಮಾವು ಒಂದು ವರ್ಷ ಕೈಹಿಡಿದರೆ ಮರುವರ್ಷ ಕೈಬಿಡುವ ಬೆಳೆ. ಇಂಥ ಸೀಮೆಯಲ್ಲಿ ಓದಿದ ಹುಡುಗನೂ ಓದದ ಹುಡುಗನೂ ಬೆಂಗಳೂರಿನ ಬಸ್ಸು ಹತ್ತುವುದು ಆಶ್ಚರ್ಯವಲ್ಲ. ಹಿರಿಯರು ಇರುವವರೆಗೆ ಊರಿನ ಮನೆಯಲ್ಲಿ ದೀಪ ಉರಿಯುತ್ತದೆ. ಆಮೇಲೆ ಅದು ಹಬ್ಬಕ್ಕೆ, ಜಾತ್ರೆಗೆ ತೆರೆಯುವ ಮನೆ. ಕಲ್ಲುಚಪ್ಪಡಿಯ ಮಾಳಿಗೆ, ತೋಳುದ್ದದ ಮಣ್ಣಿನ ಗೋಡೆ, ಬಾಗಿಲಿಗೆ ಬೀಗ. ಅದೇ ಮನೆಯ ಮಗ ಬೆಂಗಳೂರಿನಲ್ಲಿ ಒಂದೇ ಕೋಣೆಗೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆತ್ತು ಸಂಸಾರ ಹೂಡಿರುತ್ತಾನೆ. ಜನಗಣತಿಯ ಪುಸ್ತಕದಲ್ಲಿ ಊರಿನದು ಖಾಲಿ ಮನೆಗಳ ಸಾಲಿಗೂ ನಗರದ್ದು ಇಕ್ಕಟ್ಟಿನ ಮನೆಗಳ ಸಾಲಿಗೂ ಸೇರುತ್ತವೆ. ಎರಡೂ ಒಂದೇ ಕುಟುಂಬದ ಕಥೆ. ಗೌನಿಪಲ್ಲಿಯ ಬೀಗ ತೆಗೆದ ಮಾತ್ರಕ್ಕೆ ಬೆಂಗಳೂರಿನ ಇಕ್ಕಟ್ಟು ಹೇಗೆ ತಾನೆ ಸಡಿಲವಾದೀತು?

ಇದೇ ಜಿಲ್ಲೆಯ ಚಿನ್ನದ ಗಣಿಗಳ ಊರು ಇದಕ್ಕಿಂತಲೂ ಕಠೋರವಾದ ಸಾಕ್ಷಿ. ಗಣಿಯನ್ನು ನಡೆಸಿದವರು ಕೆಲಸಗಾರರಿಗೆಂದು ಸಾಲುಸಾಲಾಗಿ ಮನೆಗಳನ್ನು ಕಟ್ಟಿಸಿದ್ದರು. ಅವು ಕಿರಿದಾಗಿದ್ದರೂ ಕೆಲಸದ ಬಾಗಿಲಲ್ಲೇ ಇದ್ದುವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮನೆಗಳು ಎಲ್ಲಿಗೂ ಹೋಗಲಿಲ್ಲ, ಕೆಲಸ ಹೋಯಿತು. ಅಂದಿನಿಂದ ಆ ಊರಿನ ಸಾವಿರಾರು ಜನ ನಸುಕಿನಲ್ಲೆದ್ದು ಮಾರಿಕುಪ್ಪಂ, ಬಂಗಾರಪೇಟೆಗಳ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮನೆಗೆ ಮರಳುತ್ತಾರೆ. ಮನೆಯಿದ್ದ ಮಾತ್ರಕ್ಕೆ ಮನುಷ್ಯನಿಗೆ ನೆಲೆಯಾಯಿತೆನ್ನುವವರು ಒಮ್ಮೆ ಆ ರೈಲಿನಲ್ಲಿ ನಿಂತು ಪ್ರಯಾಣ ಮಾಡಬೇಕು.

ಇದು ಬಡ ದೇಶಗಳ ವಿಧಿಯೂ ಅಲ್ಲ. ಸಂಪನ್ನವಾದ ಜಪಾನಿನಲ್ಲಿ 2023ರ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಖಾಲಿ. ಒಟ್ಟು ಮನೆಗಳಲ್ಲಿ ಶೇಕಡ 13.8ರಷ್ಟು. ಹಳ್ಳಿಗಳು ಮುದುಕರ ಪಾಲಾಗಿ ಮನೆಗಳು ಕುಸಿಯುತ್ತಿವೆ. ಆದರೂ ಟೋಕಿಯೋ ನಗರ ಹೊಸ ಮನೆಗಳನ್ನು ಕಟ್ಟುವುದನ್ನು ನಿಲ್ಲಿಸಿಲ್ಲ. ಖಾಲಿ ಮನೆ ಒಂದೆಡೆ, ಮನೆಯ ಅಗತ್ಯ ಇನ್ನೊಂದೆಡೆ ಇರುವುದರಲ್ಲಿ ವಿರೋಧವೇನೂ ಇಲ್ಲ.

ಹಾಗಾದರೆ ಕಟ್ಟಬೇಕೆ? ಕಟ್ಟಲೇಬೇಕು. ಆದರೆ ನಾವು ಈವರೆಗೆ ಕಟ್ಟಿಸಿದ ಬಗೆಯಲ್ಲಿ ಒಂದು ದೊಡ್ಡ ಕೊರೆಯಿದೆ. ಸರ್ಕಾರವು ಬಡವನಿಗೆ ಮನೆ ಕೊಡುವುದೆಂದರೆ ನಿವೇಶನ, ಹಕ್ಕುಪತ್ರ, ಸಹಾಯಧನ ಎಂದೇ ನಾವು ಬಗೆದಿದ್ದೇವೆ. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಹಿಡಿದು ಆಶ್ರಯ ಯೋಜನೆಯವರೆಗೆ, 1985ರಲ್ಲಿ ಮೊದಲಾದ ಇಂದಿರಾ ಆವಾಸ್ ಯೋಜನೆಯಿಂದ ಹಿಡಿದು 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯವರೆಗೆ ಇದೇ ಜಾಡು. ಈ ಯೋಜನೆಗಳು ಮಾಡಿದ ಉಪಕಾರ ಅಲ್ಪವಲ್ಲ. ಅಂಗೈಯಗಲ ಸ್ವಂತ ನೆಲವಿಲ್ಲದೆ ಪರರ ಜಮೀನಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವನಿಗೆ ಹಕ್ಕುಪತ್ರವು ಕೇವಲ ಕಾಗದವಾಗಿರಲಿಲ್ಲ. ಯಾರೂ ಎಬ್ಬಿಸಲಾಗದ ಮಾನವಾಗಿತ್ತು. ಹಳ್ಳಿಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಅವರಿಗೆ ಹೊಸ ಮನೆ ಆಗಲೇಬೇಕು. ಆದರೆ ಊರು ಬಿಟ್ಟು ದುಡಿಯಲು ಹೋಗುವವನಿಗೆ ಈ ಯೋಜನೆಗಳಲ್ಲಿ ಏನು ಸಿಕ್ಕೀತು? ಅವನಿಗೆ ಇಂದು ಬೇಕಾದುದು ಒಡೆತನವಲ್ಲ. ಕೂಲಿಗೆ ತಕ್ಕ ಬಾಡಿಗೆ, ನೀರು, ಕಕ್ಕಸು, ಮಕ್ಕಳ ಶಾಲೆಗೆ ಹತ್ತಿರವಾದೊಂದು ಬಾಗಿಲು.

ಹಿಂದಿನ ಬೆಂಗಳೂರಿಗೆ ಇದರ ಅರಿವಿರಲಿಲ್ಲವೆನ್ನಲಾಗದು. 1898ರಲ್ಲಿ ಪ್ಲೇಗು ಬಂದಾಗ ಮೈಸೂರು ಸರ್ಕಾರವು ಇಕ್ಕಟ್ಟೇ ರೋಗದ ತವರೆಂದು ಕಂಡು ಬಸವನಗುಡಿ, ಮಲ್ಲೇಶ್ವರಗಳನ್ನು ವಿಸ್ತರಿಸಿತು. ನಿವೇಶನ ಕೊಳ್ಳಲಾರದವರಿಗೆ ವಠಾರಗಳಿದ್ದುವು: ನಡುವೆ ಒಂದು ಅಂಗಳ, ಸುತ್ತ ನಾಲ್ಕಾರು ಬಾಡಿಗೆಯ ಮನೆಗಳು. ವಠಾರದ ಜಗಳವನ್ನು ನಮ್ಮ ಲೇಖಕರು ಹಾಸ್ಯ ಮಾಡಿದ್ದುಂಟು. ಆದರೆ ಗುಮಾಸ್ತನೂ ಉಪಾಧ್ಯಾಯನೂ ನಗರದಲ್ಲಿ ಕಾಲೂರಿದ್ದು ಅಲ್ಲಿಯೇ. ಇಂದು ಹಳೆಯ ವಠಾರಗಳು ಮಾಯವಾಗುತ್ತಿವೆ. ಎತ್ತರದ ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಕೂಲಿಯವರು ಅವುಗಳ ಬುಡದಲ್ಲೇ ತಗಡಿನ ಶೆಡ್ಡುಗಳಲ್ಲಿ ಮಲಗುತ್ತಾರೆ. ಕಟ್ಟಡ ಮುಗಿದೊಡನೆ ಶೆಡ್ಡೂ ಇಲ್ಲ. ಮೇಲಿನ ಮನೆಗಳಲ್ಲಿ ಕೆಲವನ್ನು ಹಣ ಹೂಡಿದವರು ಬೆಲೆ ಏರಲೆಂದು ಬೀಗ ಹಾಕಿ ಇಟ್ಟಿರುತ್ತಾರೆ. ಇವಕ್ಕೆ ಬಾಡಿಗೆದಾರ ಬರುವಂತೆ ಕಾನೂನನ್ನು ಸರಳ ಮಾಡುವುದು ಅವಶ್ಯ. ಆದರೆ ಆ ಬೀಗ ತೆಗೆದರೂ ಒಳಗೆ ಹೋಗುವವನು ಕೂಲಿಯವನಲ್ಲ. ಅವನಿಗಾಗಿ ಬೇರೆಯಾಗಿಯೇ ಕಟ್ಟಬೇಕು.

2020ರ ಮಾರ್ಚಿನ ಲಾಕ್‌ಡೌನ್ ಈ ಸತ್ಯವನ್ನು ದೇಶದ ಕಣ್ಣಮುಂದೆ ನಡೆಸಿ ತೋರಿಸಿತು. ಕೂಲಿ ನಿಂತಿತು, ಬಾಡಿಗೆ ಕಟ್ಟಲಾಗಲಿಲ್ಲ, ಲಕ್ಷಾಂತರ ಜನ ಗಂಟುಮೂಟೆ ಹೊತ್ತು ಊರಿನ ದಾರಿ ಹಿಡಿದರು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸಂಪುಟವು ವಲಸೆ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ವಸತಿ ಕಲ್ಪಿಸುವ ಯೋಜನೆಗೆ ಒಪ್ಪಿಗೆಯಿತ್ತಿತು. ದಾರಿ ಸರಿಯಾದುದೇ, ಆದರೆ ಒಡೆತನದ ಮನೆಗಳಿಗೆ ನಾವು ತೋರಿದ ಉತ್ಸಾಹದ ಒಂದು ಪಾಲನ್ನೂ ಇದಕ್ಕೆ ತೋರಿಲ್ಲ. ಆಸ್ಟ್ರಿಯದ ವಿಯೆನ್ನಾ ನಗರಸಭೆಯು ಮೊದಲ ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಕಾಲದಲ್ಲಿಯೇ, 1923ರಿಂದ 1934ರವರೆಗೆ, ಅರುವತ್ತು ಸಾವಿರಕ್ಕೂ ಮಿಕ್ಕ ಮನೆಗಳನ್ನು ಕಟ್ಟಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿತು. ಸಿರಿಯಿಲ್ಲದೆಯೂ ಆಗಬಹುದಾದ ಕೆಲಸ ಇದು.

ನಮ್ಮಲ್ಲಿ ಅದಕ್ಕೆ ಜಾಗವೆಲ್ಲಿ ಎನ್ನಬಹುದು. ಬೆಂಗಳೂರು ತನ್ನ ಕೆರೆಗಳನ್ನೇ ನುಂಗಿ ಬೆಳೆದ ಊರು; ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಇನ್ನಷ್ಟು ಹಿಗ್ಗೆಂದು ಅದಕ್ಕೆ ಹೇಳುವುದು ವಿವೇಕವಲ್ಲ. ಆದರೆ ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕಾರ್ಖಾನೆಗಳು ಎದ್ದಿವೆ. ರೈತನ ಭೂಮಿಯನ್ನು ಕಾರ್ಖಾನೆಗೆಂದು ಪಡೆಯುವಾಗಲೇ ಅದರ ಒಂದು ಪಾಲನ್ನು ಕೆಲಸಗಾರರ ಬಾಡಿಗೆ ಮನೆಗಳಿಗೆಂದು ಕಡ್ಡಾಯವಾಗಿ ಮೀಸಲಿಟ್ಟರೆ, ಶ್ರೀನಿವಾಸಪುರದ ಹುಡುಗ ಹುಡುಗಿಯರು ರಾಜಧಾನಿಯ ಇಕ್ಕಟ್ಟಿಗೆ ಹೋಗಿ ಸೇರಬೇಕಾಗಿಲ್ಲ. ತಿಂಗಳಿಗೊಮ್ಮೆ ಊರಿಗೆ ಬಂದು ಬೀಗ ತೆಗೆಯುವಷ್ಟು ಹತ್ತಿರವೂ ಆದೀತು.

ಊರಿನ ಮನೆಗಳ ಪಾಡು ಬೇರೆ. ಜನಗಣತಿಯು ಮಣ್ಣನ್ನು ಶಾಶ್ವತ ಸಾಮಗ್ರಿಯೆಂದು ಎಣಿಸುವುದಿಲ್ಲ. ಆದುದರಿಂದ ಮೂರು ತಲೆಮಾರು ಬಾಳಿದ ಮಣ್ಣಿನ ಗೋಡೆಯ, ಕಲ್ಲು ಮಾಳಿಗೆಯ ಮನೆಯೂ ಅಲ್ಲಿ ಅರೆ ಶಾಶ್ವತವೆಂದೇ ದಾಖಲಾಗುತ್ತದೆ. ಅದನ್ನು ಕೆಡವಿ 25 ಚದರ ಮೀಟರಿನ ಸಿಮೆಂಟು ಪೆಟ್ಟಿಗೆಯನ್ನು ಕಟ್ಟುವುದೇ ಪ್ರಗತಿಯೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯಿಂದ ಭದ್ರವಾದ ಮನೆ ಕಟ್ಟಬಹುದೆಂದು ತೋರಿಸಿಕೊಟ್ಟಿದೆ. ಹಳೆಯ ಮನೆಗೆ ಹೊಸ ನೆಲ, ಸೋರದ ಮಾಳಿಗೆ, ಒಂದು ಬಚ್ಚಲು: ಇಷ್ಟಕ್ಕೆ ಸಹಾಯ ದೊರೆತರೆ ಎಷ್ಟೋ ಮನೆಗಳು ಉಳಿದಾವು, ಅವುಗಳಲ್ಲಿನ ಹಿರಿಯರೂ ನೆಮ್ಮದಿಯಾಗಿದ್ದಾರು.

ಆಗ ಉತ್ತರ ಒಂದಲ್ಲ, ಎರಡು. ಊರಿನಲ್ಲಿ ಮುಖ್ಯವಾಗಿ ರಿಪೇರಿ, ನಿವೇಶನವಿಲ್ಲದವನಿಗೆ ಹೊಸ ಮನೆ. ದುಡಿಮೆಯಿರುವ ಪಟ್ಟಣಗಳಲ್ಲಿ ಹೊಸ ಮನೆ, ಅದೂ ಬಾಡಿಗೆಗೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಎಣಿಕೆದಾರರು ಗೌನಿಪಲ್ಲಿಯ ಬೀದಿಗೆ ಬಂದಾಗ ಮನೆಗಳ ಲೆಕ್ಕ ಹಿಂದಿಗಿಂತ ಹೆಚ್ಚಾಗಿರಲೂಬಹುದು. ಆ ಸಂಖ್ಯೆಯನ್ನು ಕಂಡು ಹಿಗ್ಗುವ ಮೊದಲು, ಬೀಗ ಹಾಕಿದ ಬಾಗಿಲುಗಳ ಒಡೆಯರು ಆ ರಾತ್ರಿ ಎಲ್ಲಿ, ಎಷ್ಟು ಜನರೊಂದಿಗೆ, ಎಷ್ಟು ಬಾಡಿಗೆಗೆ ಮಲಗಿದ್ದಾರೆಂದು ವಿಚಾರಿಸುವುದು ಆಳುವವರ ಧರ್ಮ.