ಪೆನ್‌ಡ್ರೈವ್ ‘ಬರ್ತೇನೆ’ ಹೇಳದೆ ಹೋದರೆ?

ನಮ್ಮ ಉಡುಪಿ ಕಡೆ ಮನೆಗೆ ಬಂದವರು ಹೊರಡುವಾಗ ‘ಹೋಗ್ತೇನೆ’ ಅನ್ನುವುದಿಲ್ಲ, ‘ಬರ್ತೇನೆ’ ಅಂತಾರೆ. ಪೆನ್‌ಡ್ರೈವ್‌ಗೆ ಆ ಮರ್ಯಾದೆ ಇಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ಉದ್ಯಾವರದ ರೂಮಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕಾಪಿ ಮಾಡಿ, ಮುಗೀತು ಅಂತ ಕಂಡ ಕೂಡಲೇ ಎಳೆದು ಕಿಸೆಗೆ ಹಾಕಿಕೊಂಡೆವು. ಬೆಳಿಗ್ಗೆ ಬಸ್ ಹತ್ತಿ ಉಡುಪಿಯ ಜೆರಾಕ್ಸ್ ಅಂಗಡಿಗೆ ಹೋಗಿ ತೆರೆದರೆ ಫೈಲಿನ ಹೆಸರಿದೆ, ಒಳಗೆ ಏನೂ ಇಲ್ಲ!

ತಪ್ಪು ನಮ್ಮದೇ. ಲಿನಕ್ಸ್‌ನಲ್ಲಿ ಕಾಪಿ ಮುಗಿಯಿತು ಅಂದರೆ ಡೇಟಾ ಮೆಮೊರಿಯ ಪೇಜ್ ಕ್ಯಾಶ್ ತಲುಪಿತು ಅಂತ ಮಾತ್ರ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ಡಿಸ್ಕಿಗೆ ಇಳಿಯಲು 30 ಸೆಕೆಂಡಿನಷ್ಟು ಕಾಯಬಹುದು. ಅನ್‌ಮೌಂಟ್ ಮಾಡಿದರೆ ಬಾಕಿ ಇದ್ದದ್ದೆಲ್ಲ ಇಳಿಯುತ್ತದೆ.

ಆದರೆ ನಮ್ಮ ತಕರಾರು ಬೇರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡ್ತದೆ, ಅಡಾಪ್ಟರ್ ಹಾಕಿದ ಹಾರ್ಡ್ ಡಿಸ್ಕ್ ಆಫ್ ಆಗ್ತದೆ. ಅಲ್ಲಿ ಯಾರ ತಪ್ಪು? ಬಾಕಿ ಇದ್ದ ಡೇಟಾ ಹೋಗಬಹುದು, ಆದರೆ ಕರ್ನಲ್ ಬೀಳಬಾರದು. ಅದು ಡ್ರೈವರ್ ಬರೆಯುವವರ ಜವಾಬ್ದಾರಿ.

ಕ್ರಮ ಇಷ್ಟೇ: ಮೊದಲು ಸಾಧನ ಹೋಯಿತೆಂದು ಗುರುತು ಹಾಕಿ ಹೊಸ ರಿಕ್ವೆಸ್ಟ್ ನಿಲ್ಲಿಸಬೇಕು. ಕ್ಯೂನಲ್ಲಿ ಉಳಿದವಕ್ಕೆ ಎರರ್ ಕೊಟ್ಟು ಮುಗಿಸಬೇಕು. ಟೈಮರ್, ಇಂಟರಪ್ಟ್ ಎಲ್ಲ ನಿಂತ ಮೇಲೆ, ಫೈಲ್ ತೆರೆದಿಟ್ಟ ಕೊನೆಯ ಪ್ರೋಗ್ರಾಮ್ ಕೈಬಿಟ್ಟ ಮೇಲೆಯೇ ಮೆಮೊರಿ ಫ್ರೀ ಮಾಡಬೇಕು. ಅವಸರ ಮಾಡಿದರೆ ಫ್ರೀ ಆದ ಜಾಗವನ್ನು ಬೇರೆಯವರು ಮುಟ್ಟಿ ಕರ್ನಲ್ ಕ್ರ್ಯಾಶ್. ಎರರ್ ಕೊಡದೇ ಬಿಟ್ಟರೆ ಆ ಪ್ರೋಗ್ರಾಮ್ ಅಲ್ಲೇ ನೇತಾಡ್ತದೆ, ಕಿಲ್ ಮಾಡಿದರೂ ಹೋಗುವುದಿಲ್ಲ.

ಎರರ್ ಕೊಟ್ಟರೂ ಸಾಲದು, ಕೇಳಿಸಿಕೊಳ್ಳುವವರು ಬೇಕು. ಲಿನಕ್ಸ್‌ನಲ್ಲಿ ಒಮ್ಮೆ ವಿಫಲವಾದ ಎಫ್‌ಸಿಂಕ್ ಅನ್ನು ಮತ್ತೆ ಕರೆದರೆ, ಡೇಟಾ ಡಿಸ್ಕಿಗೆ ಹೋಗದಿದ್ದರೂ ‘ಸರಿ’ ಅನ್ನಬಹುದೆಂದು ಪೋಸ್ಟ್‌ಗ್ರೆಸ್‌ನಂಥ ದೊಡ್ಡ ಡೇಟಾಬೇಸಿನವರು ಎಚ್ಚೆತ್ತದ್ದು 2018ರಲ್ಲಿ!

ನಮ್ಮ ಲ್ಯಾಬಿನಲ್ಲಿ ಓಪನ್, ರೀಡ್, ರೈಟ್ ಓಡಿದರೆ ಮಾರ್ಕ್ಸ್ ಸಿಕ್ತದೆ. ರಿಮೂವ್ ಫಂಕ್ಷನ್ ಖಾಲಿ ಇದ್ದರೂ ಕೇಳುವವರಿಲ್ಲ. ಹೊಸ ಸಾಮಾನು ಏನೂ ಬೇಡ: ಕ್ಯೂಇಎಂಯು ವರ್ಚುವಲ್ ಮೆಷಿನ್‌ನಲ್ಲಿ ಫೈಲ್ ಬರೆಯುತ್ತಿರುವಾಗಲೇ ಯುಎಸ್‌ಬಿ ಡಿಸ್ಕ್ ತೆಗೆಯಬಹುದು. ವೈವಾದಲ್ಲಿ ಒಂದೇ ಪ್ರಶ್ನೆ ಇರಲಿ: ‘ಈಗ ಎಳೆದರೆ ಏನಾಗ್ತದೆ?’

ಬಂದವರನ್ನು ಕೂರಿಸಲು ಎಲ್ಲರಿಗೂ ಗೊತ್ತು, ಮಾರಾಯ್ರೆ. ಹೇಳದೆ ಹೋದವರ ಎಲೆ ತೆಗೆಯುವುದನ್ನೂ ಕಲಿಯೋಣ.