ದರಪಟ್ಟಿಯಲ್ಲಿ ಹಗ್ಗವೂ ಇರಲಿ

ಹೆಗ್ಗೋಡಿನ ತೋಟಗಳಲ್ಲಿ ಕೊನೆಗೌಡ ಕಾಲಿಗೆ ತಳೆ ಹಾಕದೆ ಅಡಿಕೆ ಮರ ಹತ್ತುವುದಿಲ್ಲ. ಮರ ಜಾರುತ್ತಿದೆ, ಇವತ್ತು ಬೇಡ ಎಂದು ಅವನೆಂದರೆ ತೋಟದವರು ಎದುರಾಡುವುದಿಲ್ಲ. ಅದೇ ಮನೆಯ ಮಾಡಿಗೆ ಸೋಲಾರ್ ಕೂರಿಸಲು ಬಂದ ಹುಡುಗ ಮಾತ್ರ ಹವಾಯಿ ಚಪ್ಪಲಿಯಲ್ಲೇ ಹಂಚಿನ ಮೇಲೆ ನಡೆಯುತ್ತಾನೆ. ನಾವು ಅಂಗಳದಲ್ಲಿ ನಿಂತು ‘ಜೋಪಾನ ಮಾರಾಯ’ ಎನ್ನುತ್ತೇವೆ. ಕಾಲು ಜಾರಿದವನನ್ನು ಆ ಮಾತು ಹಿಡಿಯುವುದಿಲ್ಲ.

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಒಳ್ಳೆಯದೇ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ಮಾಡುಗಳು ಪೇಟೆಯ ತಾರಸಿಯಂತಲ್ಲ. ಮಂಗಳೂರು ಹಂಚಿಗೆ ಮೊಳೆಯಿಲ್ಲ. ಅದು ರೀಪಿಗೆ ಆತುಕೊಂಡು ಕೂತಿರುತ್ತದೆ, ಅಷ್ಟೆ. ಮಳೆ ಮುಗಿದರೂ ನೆರಳಿನ ಮಗ್ಗುಲಲ್ಲಿ ಪಾಚಿ ಉಳಿಯುತ್ತದೆ. ಕೊಟ್ಟಿಗೆಯ ಸಿಮೆಂಟ್ ಶೀಟು ಗಟ್ಟಿ ಕಂಡರೂ ಹೆಜ್ಜೆಯ ಭಾರಕ್ಕೆ ಒಮ್ಮೆಗೇ ಒಡೆಯುತ್ತದೆ. 20 ಕಿಲೋ ಮೀರಿದ ಪ್ಯಾನೆಲ್ ಹೊತ್ತವನನ್ನು ಒಂದು ಬೀಸುಗಾಳಿ ತಳ್ಳಬಲ್ಲದು. ಬಿಸಿಲಿರುವಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ಕರೆಂಟಿರುತ್ತದೆ. ಸಣ್ಣ ಶಾಕಿಗೂ ಆಯ ತಪ್ಪುತ್ತದೆ.

ಇದಕ್ಕೆ ಬೇಕಾದದ್ದು ದೊಡ್ಡ ಸಾಹಸವಲ್ಲ. ಮಾಡಿನ ನೆತ್ತಿಗೆ ಕೊಕ್ಕೆ ಹಾಕಿ ಮಲಗಿಸುವ ಏಣಿ, ಐಎಸ್ 3521 ಗುರುತಿನ, ಭುಜ ತೊಡೆಗಳನ್ನು ಬಳಸುವ ಬೆಲ್ಟು, ಅಂಚು ಮುಟ್ಟುವ ಮೊದಲೇ ತಡೆಯುವಷ್ಟು ಅಳತೆಯ ಹಗ್ಗ. ಸೊಂಟಕ್ಕೆ ಸುತ್ತಿದ ಹಗ್ಗ ಬಿದ್ದವನ ಒಡಲನ್ನೇ ಹಿಂಡುತ್ತದೆ. ಹಗ್ಗದ ಇನ್ನೊಂದು ತುದಿ ಗಟ್ಟಿ ತೊಲೆಗೋ ಕಂಬಕ್ಕೋ ಇರಲಿ, ರೀಪಿಗೆ ಬೇಡವೇ ಬೇಡ. ಪ್ಯಾನೆಲನ್ನು ಹೊತ್ತು ಏಣಿ ಹತ್ತುವ ಬದಲು ಹಗ್ಗ ಕಟ್ಟಿ ಮೇಲೆಳೆಯಲಿ. ಕೆಳಗೆ ಒಬ್ಬರು ಇದ್ದೇ ಇರಲಿ.

ಕಾನೂನು ನೋಡಿಕೊಳ್ಳುತ್ತದೆ ಎಂದು ನಂಬುವಂತಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕಾಮಗಾರಿಯನ್ನು ಹೊರಗಿಟ್ಟಿತ್ತು. ಹಾಗಾಗಿ ಹೊಣೆ ಮನೆಯವರ ಮೇಲೆಯೇ ಬರುತ್ತದೆ. ದರಪಟ್ಟಿ ತಂದವರನ್ನು ಪ್ಯಾನೆಲ್ ಎಷ್ಟು, ಇನ್ವರ್ಟರ್ ಎಷ್ಟು ಎಂದು ಕೇಳುವಾಗಲೇ ಬೆಲ್ಟು, ಹಗ್ಗ, ಏಣಿ ಎಲ್ಲಿ ಎಂದೂ ಕೇಳೋಣ. ಅದಕ್ಕೆ ಹೆಚ್ಚು ಹಣವಾದರೆ ಕೊಡೋಣ. ಹಗ್ಗವಿಲ್ಲದೆ ಬಂದವರಿಗೆ ಕಾಫಿ ಕೊಟ್ಟು, ತರುವವರೆಗೆ ಏಣಿ ಇಡುವುದು ಬೇಡ ಎನ್ನೋಣ.

ಕೊಳೆ ಔಷಧಿ ಹೊಡೆಯಲು ಮಳೆ ಹೊಳವಾಗಲಿ ಎಂದು ದಿನಗಟ್ಟಲೆ ಕಾಯುವವರು ನಾವು. ಮಾಡು ಒಣಗಲು ಇನ್ನೊಂದು ದಿನ ಕಾಯುವುದು ನಮಗೆ ಕಷ್ಟವಾಗಬಾರದು.