ಬಿಪಿಗೆ ಆನೆಯೊಂದೇ ಕಾರಣವೇ?

ಹಾಸನ ಜಿಲ್ಲೆಯ ಕೆ. ಹೊಸಕೋಟೆಯ ನನ್ನ ಮೆಡಿಕಲ್ ಸ್ಟೋರಿಗೆ ಬರುವವರಿಗೆಲ್ಲ ತಮಗೆ ಬಿಪಿ ಯಾಕೆ ಬಂತು ಅನ್ನುವುದು ಗೊತ್ತು: ಆನೆ ಕಾಟ, ಮೆಣಸಿನ ರೇಟು, ಮಗನಿಗೆ ಹೆಣ್ಣು ಸಿಗದಿರುವುದು. ಇಲ್ಲವೆನ್ನಲಾರೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ನೆಮ್ಮದಿಯ ನಿದ್ದೆ ಯಾರಿಗಿದೆ! ಆದರೆ ನಲವತ್ತೂ ತುಂಬದವನ ಚೀಟಿಯಲ್ಲಿ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೇಲೊಂದು ನೀರು ಹೋಗುವ ಮಾತ್ರೆ ಸೇರಿಯೂ ಬಿಪಿ ಇಳಿಯದಿದ್ದರೆ ಆನೆಯನ್ನೇ ದೂರುತ್ತ ಕೂರುವುದು ತಪ್ಪು.

ಕಿಡ್ನಿಯ ನೆತ್ತಿಯ ಮೇಲೆ ನಾಲ್ಕೈದು ಗ್ರಾಂ ತೂಕದ ಅಡ್ರಿನಲ್ ಗ್ರಂಥಿಯಿದೆ. ಅದು ಸುರಿಸುವ ಆಲ್ಡೊಸ್ಟಿರೋನ್ ಹಾರ್ಮೋನ್ ಮೈಯಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ. ಒತ್ತಡ ತಗ್ಗಿದಾಗ ಕಿಡ್ನಿ ರೆನಿನ್ ಬಿಟ್ಟು ಅದನ್ನು ಎಬ್ಬಿಸಬೇಕು, ಒತ್ತಡ ಏರಿದಾಗ ರೆನಿನ್ ನಿಂತು ಅದೂ ಸುಮ್ಮನಾಗಬೇಕು. ಗ್ರಂಥಿಯಲ್ಲೊಂದು ಗಡ್ಡೆ ಹುಟ್ಟಿತೋ, ರೆನಿನ್ ತಳ ಕಂಡರೂ ಸುರಿತ ನಿಲ್ಲದು. 1955ರಲ್ಲೇ ಅಮೆರಿಕದ ಜೆರೋಮ್ ಕಾನ್ ಇದನ್ನು ವಿವರಿಸಿದ್ದರು.

ಹಾಗೆಂದು ಈ ಗ್ರಂಥಿಯ ಗಂಟುಗಳೆಲ್ಲ ಯಾರ ಮಾತೂ ಕೇಳದವಲ್ಲ. ಕೆಲವು ಕೇಳಬಾರದವರ ಮಾತು ಕೇಳುತ್ತವೆ. 1992ರಲ್ಲಿ ಕೆನಡಾದ ಆಂದ್ರೆ ಲಾಕ್ರುವಾ ತಂಡ ಒಬ್ಬ ಹೆಂಗಸಿನ ವಿಚಾರ ವರದಿ ಮಾಡಿತು. ಆಕೆಯ ಅಡ್ರಿನಲ್, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಆಜ್ಞೆ ಬಿಟ್ಟು ಕರುಳಿನ ಹಾರ್ಮೋನಿಗೆ ಓಗೊಡುತ್ತಿತ್ತು. ಉಂಡಾಗಲೆಲ್ಲ ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಏರುತ್ತಿತ್ತು! ಅದು ತೀರ ಅಪರೂಪ. ಆಲ್ಡೊಸ್ಟಿರೋನ್ ಅತಿಯಾಗುವುದು ಹಾಗಲ್ಲ, ಬಿಪಿಯವರಲ್ಲಿ ಶೇ 5ರಿಂದ 10ರಷ್ಟು ಮಂದಿಯಲ್ಲಿ ಅದಿದೆ. ಎಲ್ಲರಲ್ಲೂ ಗಡ್ಡೆಯೇ ಇರಬೇಕೆಂದಿಲ್ಲ, ಎರಡೂ ಗ್ರಂಥಿ ಅತಿಯಾಗಿ ದುಡಿಯುವುದೂ ಉಂಟು.

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಒಂದರ ಮೇಲೊಂದು ಹೃದಯಾಘಾತದ ಸಾವುಗಳ ಸುದ್ದಿಗೆ ಬೆಚ್ಚಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸಾವುಗಳು ಅಸಹಜವಾಗಿ ಏರಿಲ್ಲವೆಂದು ತಜ್ಞರ ಸಮಿತಿ ಹೇಳಿದ ಮೇಲೆ ಗದ್ದಲ ಅಡಗಿತು. ಹೆಚ್ಚಾದ ಆಲ್ಡೊಸ್ಟಿರೋನ್ ಸಾದಾ ಬಿಪಿಗಿಂತಲೂ ಹೆಚ್ಚಾಗಿ ಹೃದಯವನ್ನು ಕೆಡಿಸುತ್ತದೆ ಎಂಬ ಮಾತು ಮಾತ್ರ ನಮ್ಮ ಅಂಗಡಿ ಕಟ್ಟೆಗೆ ಬರಲೇ ಇಲ್ಲ. ಅದೇ ವರ್ಷ ಅಮೆರಿಕದ ಎಂಡೊಕ್ರೈನ್ ಸೊಸೈಟಿ, ಬಿಪಿ ಇರುವ ಎಲ್ಲರಿಗೂ ಆಲ್ಡೊಸ್ಟಿರೋನ್, ರೆನಿನ್ ಎರಡನ್ನೂ ಅಳೆಯಿರಿ ಎಂದು ಸಲಹೆ ಕೊಟ್ಟಿತು.

ನಮ್ಮಲ್ಲಿ ಎಲ್ಲರಿಗೂ ಅನ್ನುವುದು ದೂರದ ಮಾತು. ಆದರೆ ‘ಗೃಹ ಆರೋಗ್ಯ’ ಯೋಜನೆಯಡಿ ಮನೆಬಾಗಿಲಲ್ಲೇ ಬಿಪಿ ನೋಡುವ ಸರ್ಕಾರ, ಮೂರು ಮಾತ್ರೆಗೂ ಜಗ್ಗದವರಿಗೆ, ಪೊಟ್ಯಾಸಿಯಂ ಇಳಿದವರಿಗೆ, ಎಳೆಯ ವಯಸ್ಸಿನವರಿಗೆ ಹಾಸನದ ಜಿಲ್ಲಾ ಬೋಧನಾ ಆಸ್ಪತ್ರೆಯಲ್ಲಿ ಈ ರಕ್ತಪರೀಕ್ಷೆಯನ್ನು ಉಚಿತವಾಗಿ ಮಾಡಿಸಲಿ. ಗಡ್ಡೆ ಒಂದೇ ಕಡೆಯಿದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ಇಲ್ಲವಾದರೆ ಸ್ಪೈರೊನೊಲ್ಯಾಕ್ಟೋನ್ ಇದೆ, ದುಬಾರಿಯೇನಲ್ಲ, ನನ್ನ ಕಪಾಟಿನಲ್ಲೂ ಉಂಟು. ಅದನ್ನು ನನ್ನ ಹತ್ತಿರ ಬಂದು ಕೇಳಬೇಡಿ. ಪರೀಕ್ಷೆ ಬೇಕೇ ಎಂದು ಮೊದಲು ಡಾಕ್ಟರನ್ನು ಕೇಳಿ.